ಎಡಗೈಗೆ ಮೂವತ್ತು

ಗಾಂಧಿ ಬಜಾರಿನ ಈ ಫ್ಯಾನ್ಸಿ ಅಂಗಡಿಯಲ್ಲಿ
ಹನ್ನೊಂದು ವರ್ಷ ನಿಂತಿದ್ದೇನೆ.
ದಿನಕ್ಕೆ ಏಳೆಂಟು ಸಲ, ಹಬ್ಬದ ವಾರ ಇಪ್ಪತ್ತು ಸಲ
ಟೆಸ್ಟರ್ ಬಾಟಲಿಯ ರಬ್ಬರು ಒತ್ತಿ
ಎಡಗೈ ಬೆನ್ನ ಮೇಲೆ ಒಂದೇ ಹನಿ ಬಿಟ್ಟು
"ನೋಡಿ ಮೇಡಂ, ಹೆಂಗೆ ಹೀರ್ಕೊಳ್ಳುತ್ತೆ" ಅಂದಿದ್ದೇನೆ.

ಹಾಗಾಗಿ ನನ್ನ ಎಡಗೈಗೆ ಈಗ ಮೂವತ್ತು,
ಬಲಗೈಗೆ ನಲವತ್ತಾರು.
ಸಿಟಿ ಬಸ್ಸಿನಲ್ಲಿ ಎರಡನ್ನೂ ಮಡಿಲಲ್ಲಿಟ್ಟು ಕೂತರೆ
ಅಕ್ಕತಂಗಿಯರ ಹಾಗೆ ಕಾಣುತ್ತವೆ,
ಒಬ್ಬಳನ್ನು ಮಾತ್ರ ಒಳ್ಳೆಯ ಮನೆಗೆ ಕೊಟ್ಟಂತೆ.

ಮುಖಕ್ಕೆ ಹಚ್ಚಿದ್ದಿಲ್ಲ. ಟೆಸ್ಟರು ಗಿರಾಕಿಗೆ.
ರಾತ್ರಿ ಬಾಗಿಲು ಹಾಕುವ ಮುಂಚೆ ಧರಣೇಂದ್ರಯ್ಯನವರು
ಬಾಟಲಿಯ ಮೇಲೆ ಪೆನ್ನಿನಲ್ಲಿ ಗುರುತು ಮಾಡುತ್ತಾರೆ,
ಇವತ್ತು ಇಲ್ಲಿವರೆಗೆ.
ಗೆರೆ ಅಳಿಸುವ ಮದ್ದಿಗೂ ಒಂದು ಗೆರೆ.

ಮೂವತ್ತು ಎಂಎಲ್, ಆರುನೂರ ನಲವತ್ತೊಂಬತ್ತು.
ಚರ್ಮಕ್ಕೆ ನೀರು ಕುಡಿಸುತ್ತೆ, ಬಿಗಿ ಮಾಡುತ್ತೆ,
ಕಣ್ಣಂಚಿನ ನೆರಿಗೆ, ಹಣೆಯ ಗೀಟು
ಇಪ್ಪತ್ತೆಂಟು ದಿನದಲ್ಲಿ ಹುಡುಕಿದರೂ ಸಿಗಲ್ಲ
ಎಂದು ಬಾಯಿ ತಾನಾಗಿ ಹೇಳುತ್ತಿರುತ್ತದೆ.
ನಾನು ಆ ಹೊತ್ತಿಗೆ
ಸಂಜೆಯ ಸಾರಿಗೆ ಹರಿವೆಯೋ ದಂಟೋ ಅಂತಿರುತ್ತೇನೆ.

ಬುಧವಾರ, ಕರೆಂಟು ಹೋಗಿದ್ದ ಮಧ್ಯಾಹ್ನ,
ಟ್ಯಾಂಕ್ ಮೊಹಲ್ಲಾದ ಜುಲೇಖಾಬಿ ಬಂದರು.
ಬೇಡ ಅಂದರೂ ಚಪ್ಪಲಿ ಹೊರಗೇ ಬಿಟ್ಟರು.
ಎಪ್ಪತ್ತು ದಾಟಿದ ಮುಖ,
ಒಗೆದು ಹಿಂಡಿ ಇನ್ನೂ ಹರವದ ವಾಯಿಲ್ ಸೀರೆ.
ನನ್ನ ಬಾಯಿ ಶುರುವಾಯಿತು: ಅಮ್ಮಾ, ಇಪ್ಪತ್ತೆಂಟು ದಿನ...

"ಮುಖಕ್ಕಲ್ಲ ಬೇಟಾ, ಬೆರಳಿಗೆ.
ಗೆರೆ ಹೋಗೋಕಲ್ಲ,
ಬರೋಕೆ."

ಐವತ್ತು ವರ್ಷ ಬೀಡಿ ಕಟ್ಟಿದ ಹೆಬ್ಬೆಟ್ಟು.
ಎಲೆ ಸುತ್ತಿ, ತುದಿ ಮಡಿಸಿ, ದಾರ ಬಿಗಿದು,
ಸಾವಿರಕ್ಕೆ ಇಷ್ಟು ಅಂತ ಲೆಕ್ಕ ಕೊಟ್ಟು.
ಆ ಗೆರೆಗಳೆಲ್ಲ ಯಾರು ಯಾರದೋ ಬಾಯಿಂದ
ಹೊಗೆಯಾಗಿ ಹೋಗಿರಬೇಕು.
ರೇಷನ್ ಅಂಗಡಿಯ ಕೆಂಪು ದೀಪದ ಡಬ್ಬಿ
ಮೂರು ತಿಂಗಳಿಂದ ಒಪ್ಪುತ್ತಿಲ್ಲವಂತೆ.
ಒಬ್ಬರದೇ ಕಾರ್ಡು, ಬೇರೆ ಬೆರಳಿಲ್ಲ.
"ಅಕ್ಕಿ ಬಂದಿದೆ ಅಂತಾನೆ.
ನಾನೇ ಬಂದಿಲ್ವಂತೆ."

ಪಕ್ಕದ ಮನೆಯ ಹುಡುಗಿ ಹೇಳಿದ್ದಳಂತೆ,
ಚರ್ಮದಲ್ಲಿ ನೀರಿದ್ದರೆ ಮಿಷನ್ನಿಗೆ ಕಾಣುತ್ತೆ ದಾದಿ ಅಂತ.
ಕೊಬ್ಬರಿ ಎಣ್ಣೆ ಹಚ್ಚಿ ಹೋದರೆ
ಗಾಜೆಲ್ಲ ಜಿಡ್ಡು ಮಾಡಿದೆ ಅಂತ ಬೈದನಂತೆ ಅವನು.

ಆ ಹೆಬ್ಬೆಟ್ಟು ಹಿಡಿದುಕೊಂಡೆ.
ನುಣುಪು.
ನಮ್ಮ ಯಾವ ಬಾಟಲಿಯೂ ಕೊಡಲಾರದಷ್ಟು ನುಣುಪು,
ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆ ತಿಕ್ಕಿಟ್ಟ ಕಲ್ಲು.

ಒಂದು ಹನಿ. ಕುಡಿಯಿತು.
ಇನ್ನೊಂದು. ಅದನ್ನೂ.
ಮೂರನೆಯದಕ್ಕೆ ಧರಣೇಂದ್ರಯ್ಯನವರ ಗೆರೆ ದಾಟಿದೆ.
ಕರೆಂಟು ಬಂತು. ಟ್ಯೂಬ್‌ಲೈಟಿನ ಕೆಳಗೆ
ಬೆರಳನ್ನು ಓರೆ ಹಿಡಿದು, ಇಬ್ಬರೂ ತಲೆ ತಾಗಿಸಿ ನೋಡಿದೆವು:
ಉಗುರಿನ ಪಕ್ಕ, ಅಂಚಿನಲ್ಲಿ,
ಎಳೆಗೂಸಿನ ಕೂದಲಿನಷ್ಟು ಸಣ್ಣವು, ಎರಡೋ ಮೂರೋ.
ಇದ್ದವೋ, ಬೆಳಕಿನ ಆಟವೋ.
"ಇದೆ" ಅಂದೆ.
ಹನ್ನೊಂದು ವರ್ಷದಲ್ಲಿ
ಗೆರೆ ಇದೆ ಅಂತ ಹೇಳಿ ಗಿರಾಕಿ ನಕ್ಕಿದ್ದು ಅದೊಂದೇ ಸಲ.

ಕರ್ಚೀಫಿನ ಗಂಟಿನಲ್ಲಿ ನೂರ ಇಪ್ಪತ್ತು ರೂಪಾಯಿ ಇತ್ತು.
ಅದನ್ನು ಹಾಗೇ ಕಟ್ಟಿಸಿದೆ.
ಖಾಲಿಯಾದ ಕಣ್ಣಿನ ಡ್ರಾಪ್ಸ್ ಶೀಶೆ ಬ್ಯಾಗಿನಲ್ಲಿತ್ತು,
ತೊಳೆದು, ಟೆಸ್ಟರಿನಿಂದ ಅರ್ಧ ಸುರಿದುಕೊಟ್ಟೆ.
ಸಾಲಿನಲ್ಲಿ ನಿಂತಾಗಲೇ ಹಚ್ಚಿ, ಮನೇಲಲ್ಲ, ಅಂದೆ.

ಸಂಜೆ ಕೌಂಟರಿನ ಗಾಜು ಒರೆಸಬೇಕು,
ನನ್ನ ಕೆಲಸವೇ ಅದು.
ಎಷ್ಟೊಂದು ಬೆರಳ ಗುರುತು,
ಸುರುಳಿ ಸುರುಳಿ, ಚಕ್ರ, ಶಂಖ,
ದಿನವೂ ಹಿಂಡಿ ಚೆಲ್ಲುವ ನೀರಿನಲ್ಲಿ ಹೋಗುತ್ತವೆ.
ಅವರು ಕೈಯೂರಿ ನಿಂತಿದ್ದ ಜಾಗದಲ್ಲಿ
ಏನೂ ಇರಲಿಲ್ಲ.
ಆ ಅಂಗೈಯಗಲ ಗಾಜನ್ನು
ಒರೆಸದೆ ಬಿಟ್ಟೆ.

ನಾಳೆ ಬಾಟಲಿ ಎತ್ತಿ ಹಿಡಿದು
ಧರಣೇಂದ್ರಯ್ಯ ಕೇಳುತ್ತಾರೆ.
ಕೇಳಲಿ.
ಎಡಗೈ ತೋರಿಸುತ್ತೇನೆ.